ಎತ್ತಿಗೆ ಸೋಮವಾರ, ಯಜಮಾನನಿಗೆ ಯಾವಾಗ?



ಓದು ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ನೌಕರಿ ಎನ್ನುತ್ತೀರಿ. ಸ್ವಂತ ಉದ್ಯೋಗ ಮಾಡುತ್ತೇನೆ ಎನ್ನುವವರೂ ಈಗ ಕಡಿಮೆಯೇನಿಲ್ಲ. ಇನ್ನು ಕೆಲವರ ಮನೆಯಲ್ಲಿ ಉದ್ಯೋಗ ಆಗಲೇ ಇದೆ. ಒಂದು ದಿನಸಿ ಅಂಗಡಿ, ಒಂದು ದರ್ಶಿನಿ, ಒಂದು ಗ್ಯಾರೇಜು, ಅಮ್ಮನ ಎರಡು ಹೊಲಿಗೆ ಯಂತ್ರ. ಶಾಲೆ ಬಿಟ್ಟು ಬಂದ ಮೇಲೆ ನೀವೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವುದೂ ಉಂಟು.

ಉದ್ಯೋಗ ನಡೆಸುವುದು ಹೇಗೆ ಎಂಬ ವಿಷಯದಲ್ಲಿ ನಮ್ಮಲ್ಲಿ ಉಪದೇಶಕ್ಕೆ ಬರವಿಲ್ಲ. ಬಂಡವಾಳವನ್ನು ಎಲ್ಲಿಂದ ತರಬೇಕು, ಬ್ಯಾಂಕಿನ ಸಾಲಕ್ಕೆ ಯಾವ ಯಾವ ಕಾಗದ ಬೇಕು, ಸರಕನ್ನು ಎಲ್ಲಿ ಮಾರಬೇಕು, ಎಲ್ಲವನ್ನೂ ಹೇಳಿಕೊಡುವವರಿದ್ದಾರೆ. ಆದರೆ ಒಂದು ಬಂಡವಾಳದ ಮಾತನ್ನು ಹೆಚ್ಚಿನವರು ಎತ್ತುವುದೇ ಇಲ್ಲ. ಅದು ಉದ್ಯೋಗ ನಡೆಸುವವರ ಸ್ವಂತ ಮೈಯ ಮತ್ತು ಮನಸ್ಸಿನ ಶಕ್ತಿ. ಹಣ ಕಳೆದರೆ ಸಾಲ ತರಬಹುದು, ಯಂತ್ರ ಕೆಟ್ಟರೆ ಬೇರೊಂದನ್ನು ತರಬಹುದು. ಈ ಬಂಡವಾಳಕ್ಕೆ ಸಾಲ ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ. ಈ ಹೊತ್ತು ಅದರ ಲೆಕ್ಕವನ್ನು ನೋಡೋಣ. ನಾನು ವಿಜ್ಞಾನ ಓದಿ ಟೆಲಿವಿಷನ್ನಿಗೆ ಬಂದವನು. ಆದ್ದರಿಂದ ಮಾತಿನ ನಡುವೆ ಸ್ವಲ್ಪ ವಿಜ್ಞಾನ ಬರುತ್ತದೆ. ಅದಕ್ಕೂ ಮೊದಲು ಒಂದು ಹಿಟ್ಟಿನ ಗಿರಣಿಯ ಕಥೆ ಹೇಳುತ್ತೇನೆ.

ನಮ್ಮೂರು ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರ. ಅಲ್ಲಿ ನಮ್ಮ ತಂದೆ ಹಿಟ್ಟಿನ ಗಿರಣಿ ಇಟ್ಟಿದ್ದರು. ಊರಿನವರ ಬಾಯಲ್ಲಿ ಅದು 'ಮಿಷನ್'. ಸುತ್ತಿನ ಏಳೆಂಟು ಹಳ್ಳಿಗಳ ರಾಗಿ, ಅಕ್ಕಿ, ಗೋಧಿ ಅಲ್ಲಿಗೇ ಬರುತ್ತಿತ್ತು. ಆ ದಿನಗಳಲ್ಲಿ ಮೂರು ಫೇಸ್ ಕರೆಂಟು ನಮಗೆ ಸಿಗುತ್ತಿದ್ದದ್ದು ಬೆಳಗಿನ ಜಾವ ಕೆಲವು ಗಂಟೆ, ಸಂಜೆಯ ಮೇಲೆ ಕೆಲವು ಗಂಟೆ. ಕರೆಂಟು ಇದ್ದಾಗ ಬೀಸಬೇಕು. ಹಾಗಾಗಿ ಅಪ್ಪ ಬೆಳಗ್ಗೆ 4 ಗಂಟೆಗೆ ಏಳುತ್ತಿದ್ದರು. ಬಾಗಿಲು ಹಾಕುವಾಗ ರಾತ್ರಿ ಒಂಬತ್ತೂವರೆ. ಆಮೇಲೆ ಊಟ, ಊಟದ ಮೇಲೆ ಲೆಕ್ಕ. ವಾರಕ್ಕೆ ಏಳು ದಿನವೂ ಹೀಗೆಯೇ.

ಆದರೆ ಯಂತ್ರವನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ಬೇರಿಂಗಿಗೆ ಹೊತ್ತು ಹೊತ್ತಿಗೆ ಗ್ರೀಸು ಹಾಕುವರು. ಬೀಸುವ ಕಲ್ಲು ಸವೆದು ನುಣುಪಾಯಿತೆಂದರೆ ಗಿರಣಿ ನಿಲ್ಲಿಸಿ, ಕಲ್ಲನ್ನು ಬಿಚ್ಚಿ ಉಳಿಯಿಂದ ಹೊಸದಾಗಿ ಕುಟ್ಟಿಸುವರು. ಮೋಟಾರು ಬಿಸಿಯಾದರೆ ಆರಿಸಿ ಅರ್ಧ ಗಂಟೆ ಸುಮ್ಮನೆ ಬಿಡುವರು. ಗಿರಾಕಿಗಳು ಅವಸರ ಮಾಡಿದರೆ, 'ತಡೀರಿ, ಅದಕ್ಕೂ ಉಸಿರು ಬಿಡೋಕೆ ಬಿಡಿ' ಎನ್ನುವರು. ಸಹಾಯಕ್ಕಿದ್ದ ಒಬ್ಬ ಯುವಕನಿಗೆ ವಾರಕ್ಕೊಂದು ದಿನ ರಜ ಕೊಟ್ಟಿದ್ದರು. ನಮ್ಮ ಪಕ್ಕದ ಮನೆಯವರು ಬೇಸಾಯಗಾರರು. ಅವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲ. ಅದು ಬಸವಣ್ಣನ ವಾರ. ನಮ್ಮ ನಾಡಿನ ಅನೇಕ ಕಡೆ ಈ ಪದ್ಧತಿ ಇರುವುದು ನಿಮಗೂ ಗೊತ್ತು.

ನಮ್ಮ ಅಜ್ಜಿ ಆಗಾಗ ಅಪ್ಪನನ್ನು ಕೇಳುತ್ತಿದ್ದರು: 'ಎತ್ತಿಗೂ ಒಂದು ಸೋಮವಾರ ಐತೆ. ನಿಂಗೆ ಯಾವಾಗಪ್ಪಾ?'

ಅಪ್ಪ ನಗುತ್ತಿದ್ದರು. 'ಎತ್ತಿಗೆ ಯಜಮಾನ ಅವ್ನೆ, ರಜ ಕೊಡ್ತಾನೆ. ನಂಗ್ಯಾರು ಕೊಡ್ತಾರವ್ವ?'

1994ರಲ್ಲಿ, ದೀಪಾವಳಿಗೆ ಮುಂಚಿನ ವಾರ. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಹಬ್ಬದ ಹಿಟ್ಟಿಗೆ ಚೀಲಗಳು ಬಾಗಿಲವರೆಗೂ ಸಾಲುಗಟ್ಟಿದ್ದವು. ರಾತ್ರಿ 9 ಗಂಟೆಯ ಹೊತ್ತಿಗೆ ಪುಲ್ಲಿಯಿಂದ ಬೆಲ್ಟು ಜಾರಿತು. ಅಪ್ಪ ಸ್ವಿಚ್ಚು ಆರಿಸಿದರು. ಆದರೆ ಚಕ್ರ ಪೂರ್ತಿ ನಿಲ್ಲುವುದಕ್ಕೆ ಮೊದಲೇ ಬೆಲ್ಟಿಗೆ ಕೈ ಹಾಕಿದರು. ಬಲಗೈಯ ಎರಡು ಬೆರಳುಗಳ ತುದಿ ಹೋಯಿತು.

ಈಗ ಯೋಚಿಸಿ. ಚಕ್ರ ನಿಂತ ಮೇಲೆಯೇ ಬೆಲ್ಟು ಮುಟ್ಟಬೇಕು ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲವೇ? ಸಹಾಯಕನಿಗೆ ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಿದ್ದವರೇ ಅವರು. ತಿಳಿವಳಿಕೆಗೆ ಕೊರತೆ ಇರಲಿಲ್ಲ. ಅನುಭವಕ್ಕೂ ಕೊರತೆ ಇರಲಿಲ್ಲ. ಆ ಗಳಿಗೆಯಲ್ಲಿ ಅದು ಒದಗಿ ಬರಲಿಲ್ಲ, ಅಷ್ಟೇ. ಏಕೆ ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತು.

ಉತ್ತರದ ಒಂದು ತುಣುಕು ಕಾಲೇಜು ದಾಟಿದ ಮೇಲೆ ನನಗೆ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೆಲವರನ್ನು ನಿದ್ದೆಯಿಲ್ಲದೆ ಎಚ್ಚರವಿರಿಸಿ ಕಣ್ಣು-ಕೈಗಳ ಹೊಂದಾಣಿಕೆಯ ಪರೀಕ್ಷೆ ಕೊಟ್ಟರು. ಮತ್ತೊಂದು ಸಲ ಅವರಿಗೇ ಮದ್ಯ ಕುಡಿಸಿ ಅದೇ ಪರೀಕ್ಷೆ ಕೊಟ್ಟರು. ಎರಡನ್ನೂ ಹೋಲಿಸಿ ನೋಡಿದಾಗ, 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಅದಕ್ಕಿಂತ ಇದು ಹೆಚ್ಚು.

ಬೆಳಗಿನ 4ರಿಂದ ರಾತ್ರಿ 9ರವರೆಗೆ ಎಷ್ಟು ಗಂಟೆ, ನೀವೇ ಎಣಿಸಿ. ನಮ್ಮಪ್ಪ ಜನ್ಮದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಆದರೂ ಪ್ರತಿ ರಾತ್ರಿ, ಗಾಡಿ ಓಡಿಸಲು ಕಾನೂನು ಬಿಡದಂಥ ಸ್ಥಿತಿಯಲ್ಲಿ ಓಡುವ ಬೆಲ್ಟಿನ ಮುಂದೆ ನಿಂತಿರುತ್ತಿದ್ದರೋ ಏನೋ. ಒಂದು ಪ್ರಯೋಗದಿಂದ ಒಂದು ಅಪಘಾತದ ಕಾರಣ ಸಿದ್ಧವಾಯಿತೆಂದು ವಿಜ್ಞಾನ ಓದಿದವನು ಹೇಳಬಾರದು. ಆದರೆ ಆ 17 ಎಂಬ ಅಂಕಿಯನ್ನು ಕಂಡಾಗ ನನ್ನ ಮೈ ಜುಮ್ಮೆಂದದ್ದು ನಿಜ.

ಹಾಗಾದರೆ ದಣಿವು ಎಂದರೇನು? ಶಕ್ತಿ ಖಾಲಿಯಾಗುವುದೆ? ಭೌತಶಾಸ್ತ್ರದ ಲೆಕ್ಕವನ್ನೇ ಮೊದಲು ಹಾಕೋಣ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 2000 ಕಿಲೋಕ್ಯಾಲೊರಿ ಆಹಾರ ತಿನ್ನುತ್ತಾನೆ ಎಂದಿಟ್ಟುಕೊಳ್ಳಿ. ಅದು ಸುಮಾರು 84 ಲಕ್ಷ ಜೂಲ್. ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಹೆಚ್ಚುಕಡಿಮೆ 97 ವಾಟ್ ಬರುತ್ತದೆ. ಹಳೆಯ ಕಾಲದ 100 ವಾಟಿನ ಒಂದು ಬಲ್ಬು ಹಗಲೂ ರಾತ್ರಿ ಉರಿದಂತೆ. ಮೆದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ವಿಚಿತ್ರವೆಂದರೆ, ನೀವು ಕಠಿಣವಾದ ಲೆಕ್ಕ ಮಾಡಿದರೂ ಸುಮ್ಮನೆ ಕುಳಿತರೂ ಈ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಅಂದರೆ ಅಂಗಡಿಯ ಗಲ್ಲಾದ ಮುಂದೆ 12 ಗಂಟೆ ಕುಳಿತವರು ಬಸವಳಿಯುವುದು ಇಂಧನ ಮುಗಿದು ಅಲ್ಲ. ಇನ್ನೊಂದು ಲಾಡು ತಿಂದ ಮಾತ್ರಕ್ಕೆ ಆ ದಣಿವು ಹೋಗುವುದೂ ಇಲ್ಲ.

ಅಲ್ಲಿ ಬೇರೆ ಎರಡು ಸಂಗತಿಗಳು ಕೆಲಸ ಮಾಡುತ್ತವೆ. ಒಂದು, ನಿದ್ದೆಯ ಒತ್ತಡ. ನಾವು ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ಜೂಗರಿಕೆ ಹೆಚ್ಚುತ್ತದೆ. ನಿದ್ದೆಯಲ್ಲಿ ಅದು ಇಳಿಯುತ್ತದೆ. ಕಾಫಿಯ ಗುಟ್ಟು ಇರುವುದು ಇಲ್ಲಿಯೇ. ಕಾಫಿಯಲ್ಲಿರುವ ಕೆಫೀನ್, ಅಡೆನೊಸಿನ್ ಹೋಗಿ ಕೂರಬೇಕಾದ ಜಾಗವನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ದಣಿವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ದಣಿವು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಮೀಟರಿನ ಮೇಲೆ ಬಟ್ಟೆ ಮುಚ್ಚಿದರೆ ಕರೆಂಟಿನ ಬಿಲ್ಲು ಕಡಿಮೆಯಾಗುತ್ತದೆಯೆ? ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೊರಟುಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ 11ಕ್ಕೂ ಒಳಗೇ ಇರುತ್ತದೆ. ಪರೀಕ್ಷೆಯ ಕಾಲದಲ್ಲಿ ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕೂರುವವರು ಇದನ್ನು ನೆನಪಿಡಿ.

ಎರಡನೆಯದು, ದೇಹದೊಳಗಿನ ಗಡಿಯಾರ. 1729ರಲ್ಲಿ ಫ್ರಾನ್ಸಿನ ಮೈರಾನ್ ಎಂಬ ವಿಜ್ಞಾನಿ, ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಸೂರ್ಯನ ಬೆಳಕು ಕಾಣದಿದ್ದರೂ ಗಿಡ ಹಗಲಿನ ಹೊತ್ತಿಗೆ ಎಲೆ ತೆರೆಯಿತು, ರಾತ್ರಿಯ ಹೊತ್ತಿಗೆ ಮುಚ್ಚಿತು. ಗಡಿಯಾರ ಒಳಗೇ ಇದೆ ಎಂದಾಯಿತು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಈ ಗಡಿಯಾರದಿಂದಾಗಿಯೇ ನಮ್ಮ ಎಚ್ಚರ ದಿನವಿಡೀ ಒಂದೇ ಸಮ ಇರುವುದಿಲ್ಲ. ಮಧ್ಯಾಹ್ನ 2-3 ಗಂಟೆಯ ಹೊತ್ತಿಗೆ ಒಂದು ಇಳಿತ ಬರುತ್ತದೆ. ಊಟ ಮಾಡಿದರೂ ಬರುತ್ತದೆ, ಮಾಡದಿದ್ದರೂ ಬರುತ್ತದೆ. ನಮ್ಮ ಅನೇಕ ಊರುಗಳ ಪೇಟೆಯಲ್ಲಿ ಹಳೆಯ ವ್ಯಾಪಾರಿಗಳು ಮಧ್ಯಾಹ್ನ ಬಾಗಿಲು ಎಳೆದುಕೊಂಡು ಒಂದಿಷ್ಟು ಹೊತ್ತು ಒರಗುತ್ತಿದ್ದರು. ಅದನ್ನು ನಾವು ಸೋಮಾರಿತನ ಎಂದು ಬಗೆದೆವು. ಅವರು ತಿಳಿದೋ ತಿಳಿಯದೆಯೋ ಗಡಿಯಾರವನ್ನು ನೋಡಿ ನಡೆದಿದ್ದರು.

'ನನಗೆ ಅಭ್ಯಾಸವಾಗಿದೆ, ಐದಾರು ಗಂಟೆ ನಿದ್ದೆ ಸಾಕು' ಎನ್ನುವ ಉದ್ಯಮಿಗಳನ್ನು ನಾನು ಕಾರ್ಯಕ್ರಮಗಳ ಚಿತ್ರೀಕರಣದಲ್ಲಿ ಬಹಳ ಕಂಡಿದ್ದೇನೆ. ಅವರು ಸುಳ್ಳು ಹೇಳುವುದಿಲ್ಲ. ಅವರಿಗೆ ಹಾಗೆಯೇ ಅನ್ನಿಸುತ್ತದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನು 14 ದಿನ, ರಾತ್ರಿಗೆ 6 ಗಂಟೆ ಅಥವಾ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಕೊನೆಯಲ್ಲಿ ಅವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಮುಖ್ಯವಾದ ಸಂಗತಿ ಇದಲ್ಲ. ತಾವು ಇಷ್ಟು ಕುಸಿದಿದ್ದೇವೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ! ದಣಿದ ಮೆದುಳಿಗೆ ತನ್ನ ದಣಿವನ್ನು ಅಳೆಯಲು ಬರುವುದಿಲ್ಲ.

ಇನ್ನು ಹೆಚ್ಚು ಹೊತ್ತು ದುಡಿದರೆ ಹೆಚ್ಚು ಫಲ ಎಂಬ ನಂಬಿಕೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರವೂ ಸೇರಿದಂತೆ ಹಗಲಿರುಳು ಕೆಲಸ ನಡೆಯಿತು. ಯುದ್ಧದ ತುರ್ತು ಅಂಥದು. 1915ರಲ್ಲಿ ಸರ್ಕಾರವೇ ಒಂದು ಸಮಿತಿಯನ್ನು ನೇಮಿಸಿ ಕಾರ್ಮಿಕರ ಆರೋಗ್ಯವನ್ನು ಪರಿಶೀಲಿಸಿತು. ಭಾನುವಾರದ ದುಡಿಮೆಯಿಂದ ಲಾಭವಿಲ್ಲ, ನಿಲ್ಲಿಸುವುದು ಒಳ್ಳೆಯದು ಎಂದು ಸಮಿತಿ ಹೇಳಿತು. ಆ ಕಾರ್ಖಾನೆಗಳ ಹಳೆಯ ಲೆಕ್ಕಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಮತ್ತೆ ತೆಗೆದು ನೋಡಿದರು. ವಾರಕ್ಕೆ 70 ಗಂಟೆ ದುಡಿದಾಗ ಬಂದ ಉತ್ಪನ್ನಕ್ಕೂ 56 ಗಂಟೆ ದುಡಿದಾಗ ಬಂದ ಉತ್ಪನ್ನಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಮೇಲಿನ 14 ಗಂಟೆಗಳು ಹೆಚ್ಚುಕಡಿಮೆ ನೀರಿನಲ್ಲಿ ಮಾಡಿದ ಹೋಮ!

70 ಗಂಟೆ ಎಂದೊಡನೆ ನಿಮಗೆ ಇನ್ನೊಂದು ಮಾತು ನೆನಪಾಗಿರಬೇಕು. ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಹೇಳಿದಾಗ ಮನೆಮನೆಯಲ್ಲೂ ಚರ್ಚೆಯಾಯಿತು. ಶ್ರಮವಿಲ್ಲದೆ ಯಾವ ಉದ್ಯಮವೂ ಏಳುವುದಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಕಾರ್ಖಾನೆಯ ಕೈಕೆಲಸದ ಲೆಕ್ಕ ಎಲ್ಲ ಕೆಲಸಕ್ಕೂ ಹಾಗೆಯೇ ಹೊಂದುವುದೂ ಇಲ್ಲ. ಆದರೆ ದೇಹದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಸಂಭವ ಶೇಕಡಾ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇಕಡಾ 17ರಷ್ಟು ಹೆಚ್ಚು.

ಇದಕ್ಕಾಗಿಯೇ ದುಡಿಯುವವರನ್ನು ಕಾಪಾಡಲು ಕಾನೂನುಗಳು ಹುಟ್ಟಿದವು. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಕೇಳಿ ಕೇಳಿ, 1890ರಲ್ಲಿ ಭಾನುವಾರದ ರಜವನ್ನು ಪಡೆದರು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರದ ರಜವನ್ನೂ ವಿಧಿಸಿತು. ಎತ್ತಿಗೆ ಬಸವಣ್ಣನ ವಾರ ಬಂತು, ಕಾರ್ಮಿಕನಿಗೆ ಭಾನುವಾರ ಬಂತು. ಆದರೆ ಸ್ವಂತ ಉದ್ಯೋಗ ಮಾಡುವವನಿಗೆ, 'ಇನ್ನು ಸಾಕು, ಮನೆಗೆ ಹೋಗು' ಎಂದು ಹೇಳುವವರು ಯಾರು? ಅವನ ಮೇಲೆ ಯಜಮಾನನಿಲ್ಲ. ಯಜಮಾನನಿಲ್ಲದವನು ಸ್ವತಂತ್ರ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಆಗುವುದು ಬೇರೆ. ಅವನೇ ತನಗೆ ಯಜಮಾನನಾಗುತ್ತಾನೆ, ಅದೂ ಬೇರೆ ಯಾರೂ ಆಗಲಾರದಷ್ಟು ಕಠಿಣ ಯಜಮಾನ. ಅಪ್ಪ ಅಜ್ಜಿಗೆ ನಗುತ್ತ ಹೇಳಿದ ಮಾತಿನೊಳಗೆ ಇದ್ದದ್ದು ಇದೇ.

ಮೈಯ ಹಾಗೆ ಮನಸ್ಸಿನದೂ ಒಂದು ದಣಿವುಂಟು. ಸಂಬಳದವರಿಗೆ ತಿಂಗಳ ಕೊನೆಗೆ ಹಣ ಬರುತ್ತದೆ. ಉದ್ಯಮಿಗೆ ತಿಂಗಳ ಕೊನೆಗೆ ಬಾಡಿಗೆ, ಸಾಲದ ಕಂತು, ಕೆಲಸದವರ ಸಂಬಳ ಒಟ್ಟಿಗೆ ಎದುರು ಬಂದು ನಿಲ್ಲುತ್ತವೆ. ಹೇಳಿಕೊಳ್ಳೋಣವೆಂದರೆ ಮನೆಯವರು ಹೆದರುತ್ತಾರೆ, ಕೆಲಸದವರು ಬಿಟ್ಟುಹೋಗುತ್ತಾರೆ, ಗಿರಾಕಿಗಳಿಗೆ ನಂಬಿಕೆ ಹೋಗುತ್ತದೆ. ಹೀಗೆ ಒಳಗೇ ಇಟ್ಟುಕೊಂಡು ಬೇಯುವುದರಿಂದ ಬರುವ ಸ್ಥಿತಿಯೊಂದನ್ನು 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 'ಬರ್ನ್ ಔಟ್' ಎಂದು ಕರೆದ. ಉರಿದು ಬೂದಿಯಾಗುವುದು ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಮೂರು ಗುರುತುಗಳನ್ನು ಹೇಳಿತು. ಶಕ್ತಿಯೆಲ್ಲ ಬಸಿದುಹೋದಂತೆ ಅನ್ನಿಸುವುದು, ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವುದು, ಮಾಡಿದ ಕೆಲಸ ಕೈಗೆ ಹತ್ತದಿರುವುದು. ಇದು ಕಾಯಿಲೆಯಲ್ಲ, ಕೆಲಸದಿಂದ ಬರುವ ಅವಸ್ಥೆ ಎಂದೂ ಅದು ಸ್ಪಷ್ಟಪಡಿಸಿತು. ಅಂದರೆ ಇದಕ್ಕೆ ಗುಳಿಗೆಗಿಂತ ಮೊದಲು ಬೇಕಾದದ್ದು ಕೆಲಸದ ರೀತಿಯಲ್ಲಿ ಬದಲಾವಣೆ. ಮನಸ್ಸು ತೀರ ಕುಗ್ಗಿದರೆ ಮಾತ್ರ ಒಬ್ಬರೇ ಹೊರಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೆ ನಮ್ಮ ಗಿರಣಿಗೆ ಬರುತ್ತೇನೆ. ಕೈ ಮಾಯುವವರೆಗೆ ಗಿರಣಿ ಆರು ವಾರ ಮುಚ್ಚಿತ್ತು. ಆರು ವಾರ ಎಂದರೆ 42 ದಿನ. ವಾರಕ್ಕೊಂದು ರಜದಂತೆ ನೋಡಿದರೆ ಸುಮಾರು ಹತ್ತು ತಿಂಗಳ ರಜಗಳು. ಕೊಡದೆ ಉಳಿಸಿಕೊಂಡಿದ್ದ ರಜಗಳನ್ನು ದೇಹ ಒಂದೇ ಕಂತಿನಲ್ಲಿ, ಆಸ್ಪತ್ರೆಯ ಖರ್ಚಿನ ಸಮೇತ, ವಸೂಲು ಮಾಡಿತು.

ಮರಳಿ ಗಿರಣಿ ತೆರೆದ ದಿನ ಅಪ್ಪ ಬಾಗಿಲಿಗೆ ಒಂದು ತಗಡಿನ ಹಲಗೆ ತೂಗುಹಾಕಿದರು. 'ಸೋಮವಾರ ರಜ' ಎಂದು ಅದರಲ್ಲಿ ನನ್ನ ಕೈಯಲ್ಲೇ ಬರೆಸಿದ್ದರು. ಮೊದಲನೆಯ ಸೋಮವಾರವೇ ಒಬ್ಬ ಹೆಂಗಸು ಮೂರು ಮೈಲಿ ದೂರದಿಂದ ತಲೆಯ ಮೇಲೆ ರಾಗಿ ಹೊತ್ತು ಬಂದರು. ಅಪ್ಪನಿಗೆ ನೋಡಲಾಗಲಿಲ್ಲ. ಗಿರಣಿ ತೆರೆದು ಬೀಸಿಕೊಟ್ಟರು. ಎರಡನೆಯ ಸೋಮವಾರ ನಾಲ್ಕು ಜನ ಬಂದರು. ಮೂರನೆಯ ಸೋಮವಾರ ಅಪ್ಪ ಒಂದು ಉಪಾಯ ಮಾಡಿದರು. ಜಗಲಿಯ ಕೋಣೆಯನ್ನು ತೆರೆದಿಟ್ಟು, ಬಂದವರು ಚೀಲವನ್ನು ಅಲ್ಲಿಟ್ಟು ಹೋಗಲಿ, ಮಂಗಳವಾರ ಮೊದಲು ಅವರದೇ ಬೀಸುತ್ತೇನೆ ಎಂದರು. ಎರಡು ತಿಂಗಳಲ್ಲಿ ಊರಿಗೆ ಅಭ್ಯಾಸವಾಯಿತು. ಹೆಚ್ಚಿನವರು ಭಾನುವಾರವೇ ಬರತೊಡಗಿದರು. ಸಹಾಯಕನಿಗೆ ಕೆಲಸ ಪೂರ್ತಿ ಕಲಿಸಿ, ಸಂಜೆಯ ಪಾಳಿಯನ್ನು ಅವನಿಗೆ ವಹಿಸಿದರು. ವರ್ಷದ ಕೊನೆಗೆ ಲೆಕ್ಕದ ಪುಸ್ತಕ ತೆಗೆದರೆ ಬೀಸಿದ ಕಾಳಿನಲ್ಲಿ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಊರು ತಿನ್ನುವ ಮುದ್ದೆಯೇನೂ ಸೋಮವಾರಕ್ಕೆ ಕಡಿಮೆಯಾಗುವುದಿಲ್ಲವಲ್ಲ!

ಎಲ್ಲ ಉದ್ಯೋಗಗಳಿಗೂ ಇಷ್ಟು ಸಲೀಸಾಗುತ್ತದೆ ಎಂದು ನಾನು ಹೇಳುವುದಿಲ್ಲ. ಬೀಸಬೇಕಾದ ರಾಗಿ ನಾಳೆಗೆ ಕಾಯುತ್ತದೆ. ಇಂದು ಮಾರದ ಇಡ್ಲಿ ಕಾಯುವುದಿಲ್ಲ. ತಳ್ಳುಗಾಡಿಯವರಿಗೆ, ದಿನದ ಗಳಿಕೆ ದಿನಕ್ಕೇ ಸರಿಹೋಗುವವರಿಗೆ ರಜ ಎಂಬುದು ದುಬಾರಿ ಸರಕು. ಉದ್ಯೋಗ ನಡೆಸುವ ಹೆಣ್ಣುಮಕ್ಕಳಿಗಂತೂ ಅಂಗಡಿಯ ಬಾಗಿಲು ಹಾಕಿದ ಮೇಲೆ ಅಡುಗೆಮನೆಯ ಬಾಗಿಲು ತೆರೆಯುತ್ತದೆ. ಅಂಥವರಿಗೆ, 'ನಿಮ್ಮ ಆರೋಗ್ಯ ನೋಡಿಕೊಳ್ಳಿ' ಎಂದು ಹೇಳಿ ಕೈತೊಳೆದುಕೊಂಡರೆ ಅದು ಉಪದೇಶವಷ್ಟೆ. ಆದರೆ ಪೂರ್ತಿ ದಿನ ಸಿಗದಿದ್ದರೆ ಅರ್ಧ ದಿನ, ಅದೂ ಇಲ್ಲದಿದ್ದರೆ ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚುವುದು, ಅಷ್ಟಾದರೂ ಸಾಧ್ಯವಾಗಬೇಕು. ಅದನ್ನು ಸಾಧ್ಯವಾಗಿಸುವುದು ಬಹಳ ಮಟ್ಟಿಗೆ ಮನೆಯವರ ಕೈಯಲ್ಲಿದೆ. ಅಂದರೆ ನಿಮ್ಮ ಕೈಯಲ್ಲಿದೆ.

ನೀವು ಈಗಿನಿಂದಲೇ ರೂಢಿಸಿಕೊಳ್ಳಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ವಿದ್ಯಾರ್ಥಿಯೂ ಒಂದು ಬಗೆಯಲ್ಲಿ ಸ್ವಂತ ಉದ್ಯೋಗದವನೇ ತಾನೆ? ಓದಿನ ಹೊತ್ತನ್ನು ಹಂಚಿಕೊಳ್ಳುವ ಯಜಮಾನಿಕೆ ನಿಮ್ಮದೇ.

ಮೊದಲನೆಯದು, ಶಕ್ತಿಗೂ ಒಂದು ಲೆಕ್ಕದ ಪುಸ್ತಕ ಇಡಿ. ಒಂದು ವಾರ, ಎರಡೆರಡು ಗಂಟೆಗೊಮ್ಮೆ, ಏನು ಮಾಡುತ್ತಿದ್ದೆ, ಮನಸ್ಸು ಎಷ್ಟು ಚುರುಕಾಗಿತ್ತು ಎಂದು ಐದಕ್ಕೆ ಅಂಕ ಕೊಟ್ಟು ಬರೆಯಿರಿ. ವಾರದ ಕೊನೆಗೆ ನಿಮ್ಮ ಏರು ಹೊತ್ತು, ಇಳಿ ಹೊತ್ತು ತಾನಾಗಿ ಕಾಣುತ್ತದೆ. ಕಠಿಣವಾದ ಕೆಲಸವನ್ನು ಏರು ಹೊತ್ತಿಗೆ ಇಡಿ. ನೋಟ್ಸ್ ನಕಲು ಮಾಡುವುದು, ಸಾಮಾನು ಜೋಡಿಸುವುದು ಇಳಿ ಹೊತ್ತಿಗೆ ಇರಲಿ. ಹಣದ ಲೆಕ್ಕವನ್ನೂ ಅಪಾಯದ ಯಂತ್ರವನ್ನೂ ರಾತ್ರಿಯ ದಣಿವಿಗೆ ಎಂದೂ ಬಿಡಬೇಡಿ.

ಎರಡನೆಯದು, ನಿದ್ದೆಯನ್ನು ಉಳಿದ ಹೊತ್ತಿನಲ್ಲಿ ಮಾಡುವ ಕೆಲಸವೆಂದು ಬಗೆಯಬೇಡಿ. ಮಲಗುವ ಹೊತ್ತನ್ನು ಮೊದಲು ಗುರುತು ಹಾಕಿ, ಮಿಕ್ಕ ಹೊತ್ತನ್ನು ಕೆಲಸಕ್ಕೆ ಹಂಚಿ. ವ್ಯಾಪಾರದಲ್ಲಿ ಬಾಡಿಗೆ ಕೊಟ್ಟ ಮೇಲೆ ಉಳಿದದ್ದು ಲಾಭ ಅಲ್ಲವೆ? ನಿದ್ದೆ ದೇಹಕ್ಕೆ ಕೊಡುವ ಬಾಡಿಗೆ.

ಮೂರನೆಯದು, ನಾಳೆಯ ಚಿಂತೆಯನ್ನು ಹಾಸಿಗೆಗೆ ಒಯ್ಯಬೇಡಿ, ಕಾಗದಕ್ಕೆ ಇಳಿಸಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಯುವಜನರ ಒಂದು ಸಣ್ಣ ಗುಂಪಿಗೆ ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿದರು. ಆ ದಿನ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಖರ್ಚಿಲ್ಲದ ಔಷಧ, ಮಾಡಿ ನೋಡಿ.

ನಾಲ್ಕನೆಯದು, ಮೈಯನ್ನು ಓಡಾಡಿಸಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಅಷ್ಟಾಯಿತು. ನಿಮ್ಮ ವಯಸ್ಸಿಗೆ ಇನ್ನೂ ಹೆಚ್ಚು ಬೇಕು. ಅಂಗಡಿಯಲ್ಲಿ ಕುಳಿತೇ ಇರುವವರಿಗೆ ಇದು ಮುಖ್ಯ.

ಐದನೆಯದು, ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ. 'ನಾನಿಲ್ಲದಿದ್ದರೆ ಒಂದು ದಿನವೂ ನಡೆಯುವುದಿಲ್ಲ' ಎಂದು ಹೆಮ್ಮೆಯಿಂದ ಹೇಳುವ ಉದ್ಯಮಿಯ ಉದ್ಯಮ ಒಂದು ಜ್ವರಕ್ಕೆ ಮುಚ್ಚಿಹೋಗುತ್ತದೆ. ಒಬ್ಬ ಸಹಾಯಕ ಕೆಲಸ ಕಲಿತಿದ್ದರಿಂದಲೇ ನಮ್ಮಪ್ಪನಿಗೆ ಸಂಜೆಯ ಊಟ ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಂಗಡಿಯೋ ಹೋಟೆಲೋ ಇದ್ದರೆ, ಈ ವಾರ ಒಂದು ಮಧ್ಯಾಹ್ನ ಅಪ್ಪನನ್ನೋ ಅಮ್ಮನನ್ನೋ ಎಬ್ಬಿಸಿ ಒಳಗೆ ಕಳಿಸಿ, ಒಂದು ಗಂಟೆ ನೀವು ಕುಳಿತುಕೊಳ್ಳಿ. ಅವರಿಗೆ ರಜ ಕೊಡುವ ಯಜಮಾನರು ಯಾರೂ ಇಲ್ಲ. ಆ ಒಂದು ಗಂಟೆಯ ಮಟ್ಟಿಗೆ ನೀವೇ ಆಗಬಹುದು. ಮುಂದೆ ನೀವೇ ಉದ್ಯಮಿಗಳಾದಾಗ ನಿಮಗೆ ನೀವು ರಜ ಕೊಟ್ಟುಕೊಳ್ಳುವುದು ಆಗ ಕಷ್ಟವಾಗುವುದಿಲ್ಲ.

ನಮ್ಮಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಗಿರಣಿಯನ್ನು ನನ್ನ ತಮ್ಮ ನಡೆಸುತ್ತಾನೆ. ನನ್ನ ವಕ್ರ ಅಕ್ಷರಗಳ ತಗಡಿನ ಹಲಗೆ ತುಕ್ಕು ಹಿಡಿದರೂ ಅಲ್ಲೇ ಇದೆ. ಸೋಮವಾರ ಊರಿಗೆ ಫೋನು ಮಾಡಿದರೆ ಹಿಂದೆ ಗಿರಣಿಯ ಸದ್ದು ಕೇಳಿಸುವುದಿಲ್ಲ. 'ಏನಪ್ಪಾ ಮಾಡ್ತಿದೀರಿ?' ಎಂದರೆ, 'ಏನಿಲ್ಲ, ಸುಮ್ನೆ ಕೂತಿದೀನಿ' ಎನ್ನುತ್ತಾರೆ.